ಆ ಮೂಲೆಗೆ ಏನಂತಾರ್ರೀ ಸರ್?



ಎರಡು ವರ್ಷದ ಹಿಂದಿನ ಮಾತು. ಇಯತ್ತೆ 8ನೆಯ ತರಗತಿಯ ಘಟಕ ಪರೀಕ್ಷೆಗೆ ಹೃದಯದ ಆಕೃತಿ ಬೇಕಾಗಿತ್ತು. ಅಲ್ಲಿಯವರೆಗೆ ನಾನೂ ನಿಮ್ಮ ಹಾಗೇ ಮಾಡ್ತಿದ್ದೆ. ಇಂಟರ್‌ನೆಟ್‌ನಿಂದ ಒಂದು ಇಂಗ್ಲಿಷ್ ಚಿತ್ರ ಇಳಿಸೋದು, ಹೆಸರುಗಳ ಮೇಲೆ ಬಿಳಿ ಹಚ್ಚೋದು, ಅದರ ಮೇಲೆ ಪೆನ್ನಿನಿಂದ ಕನ್ನಡ ಬರೆಯೋದು, ಝೆರಾಕ್ಸ್ ಮಾಡಿಸೋದು. ಆ ಸಲ ಮಾತ್ರ ಹುರುಪಿನಿಂದ ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ನಾನೇ ಹೃದಯ ಬಿಡಿಸಿದೆ. ಮೌಸ್ ಹಿಡಿದು ಅಂಚಿನುದ್ದಕ್ಕೂ ಕ್ಲಿಕ್ ಮಾಡುತ್ತ ಹೋದೆ. ಹೃದಯ ಬಂತು. ಖುಷಿಯಾಯಿತು.

ಪರೀಕ್ಷೆ ಮುಗಿದ ಮರುದಿನ ಒಬ್ಬ ವಿದ್ಯಾರ್ಥಿನಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. "ಸರ್, ಎಡ ಹೃತ್ಕುಕ್ಷಿ ಹೊರಗ ಕೆಳಗಡೆ ಒಂದು ಮೂಲೆ ಐತಲ್ರೀ, ಆ ಮೂಲೆಗೆ ಏನಂತಾರ್ರೀ? ಪುಸ್ತಕದಾಗ ಅದರ ಹೆಸರು ಇಲ್ರೀ."

ಮೊದಲು ನಗು ಬಂತು. ಆಮೇಲೆ ಉತ್ತರಪತ್ರಿಕೆ ತಿದ್ದಲು ಕೂತಾಗ ನಗು ಹೋಯಿತು. ಐದಾರು ಮಕ್ಕಳು ಆ ಮೂಲೆಯನ್ನು ಪಟ್ಟಿ ಹಿಡಿದು ಅಚ್ಚುಕಟ್ಟಾಗಿ ಬಿಡಿಸಿದ್ದರು. ಅದು ಹೃದಯದ ಯಾವ ಭಾಗವೂ ಅಲ್ಲ, ನನ್ನ ಮೌಸಿನ ತಪ್ಪು. ಆದರೆ ಮಕ್ಕಳ ಲೆಕ್ಕದಲ್ಲಿ ಸರ್ ಕೊಟ್ಟ ಆಕೃತಿಯಲ್ಲಿ ಇರುವ ಪ್ರತಿ ಮೂಲೆಗೂ ಒಂದು ಅರ್ಥ ಇರಲೇಬೇಕು. ಅವರ ಲೆಕ್ಕ ಸರಿಯಾಗಿತ್ತು, ನನ್ನದು ತಪ್ಪಿತ್ತು.

ಅಂದಿನಿಂದ ನನಗೆ ಬಂದ ಅಭಿಪ್ರಾಯವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕರು ತಮ್ಮ ಆಕೃತಿಗಳನ್ನು ತಾವೇ ಕಂಪ್ಯೂಟರಿನಲ್ಲಿ ಬಿಡಿಸಬೇಕು. ಬಿಡಿಸುವಾಗ ಸಹಜವಾದ ಗೆರೆ ಎಳೆಯಲು ಕಲಿಯಬೇಕು. ಚಂದ ಕಾಣಲಿ ಅಂತ ಅಲ್ಲ. ವಿಜ್ಞಾನದ ಆಕೃತಿಯಲ್ಲಿ ಗೆರೆಯೂ ಒಂದು ಹೇಳಿಕೆ. ಕಾಗುಣಿತ ತಪ್ಪಿದರೆ ಕೆಂಪು ಶಾಯಿ ಹಚ್ಚುವ ನಾವು, ಗೆರೆ ತಪ್ಪಿದರೆ ಬಿಟ್ಟುಬಿಡುತ್ತೇವೆ.

ನಮಗೇ ಯಾಕೆ ಈ ಕೆಲಸ?

ಪುಣೆಯ ಬಾಲಭಾರತಿ ನಮಗೆ ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತದೆ, ಅದು ದೊಡ್ಡ ಆಧಾರ. ಆದರೆ ಪಾಠ ಪುಸ್ತಕವೊಂದರಿಂದಲೇ ನಡೆಯೋದಿಲ್ಲ. ಗೋಡೆಗೆ ತೂಗುವ ತಕ್ತೆ, ಅಭ್ಯಾಸದ ಹಾಳೆ, ಹೆಸರಿಲ್ಲದ ಆಕೃತಿ, ಇವೆಲ್ಲ ಪೇಟೆಯಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಸಿಗುತ್ತವೆ. ವಿಜಯಪುರದ ಕಡೆಯಿಂದ ಕನ್ನಡದವು ತಂದರೆ ಪಠ್ಯಕ್ರಮ ಬೇರೆ, ಕೆಲವು ಪರಿಭಾಷೆಯೂ ಬೇರೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ಮಗು ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಗೋಡೆಯ ಮೇಲಿನ ಹೃದಯವನ್ನು ಮಾತ್ರ ಬೇರೆ ಭಾಷೆಯಲ್ಲಿ ನೋಡುತ್ತದೆ. ಕೈಗೆ ಬರುವ ಹಾಳೆಯೋ ಝೆರಾಕ್ಸಿನ ಝೆರಾಕ್ಸು. ನರಕೋಶದ ಕವಲುಗಳು ಕರಿ ಮಸಿಯಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ವೆಕ್ಟರ್ ಚಿತ್ರದಲ್ಲಿ ಈ ತೊಂದರೆ ಇಲ್ಲ. ಫೋಟೋ ಎಂದರೆ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಒಡೆಯುತ್ತದೆ. ವೆಕ್ಟರ್ ಚಿತ್ರ ಗೆರೆಯ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ಅದೇ ಕಡತದಿಂದ ಪ್ರಶ್ನೆಪತ್ರಿಕೆಯಲ್ಲಿ ಎರಡು ಇಂಚಿನ ಹೃದಯವನ್ನೂ ತೆಗೆಯಬಹುದು, ಗೋಡೆಗೆ ಎರಡು ಅಡಿಯದನ್ನೂ ತೆಗೆಯಬಹುದು. ಗೆರೆ ಅಷ್ಟೇ ಸ್ವಚ್ಛ. ಹೆಸರುಗಳನ್ನು ಬೇರೆ ಪದರದಲ್ಲಿ ಇಟ್ಟರೆ ಹೆಸರಿರುವ ಆಕೃತಿ, ಹೆಸರಿಲ್ಲದ ಆಕೃತಿ ಎರಡೂ ಒಂದೇ ಕಡತದಲ್ಲಿ ಆಗುತ್ತವೆ. ಇಂಕ್‌ಸ್ಕೇಪ್ 2003ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದು ಕಡತ ಉಳಿಸುವುದು ಎಸ್‌ವಿಜಿ ರೂಪದಲ್ಲಿ, ಅಂದರೆ 2001ರಲ್ಲಿ ಡಬ್ಲ್ಯು3ಸಿ ಒಪ್ಪಿದ ಮುಕ್ತ ಮಾನಕದಲ್ಲಿ. ನಾನು ಬಿಡಿಸಿದ್ದನ್ನು ನೀವು ತೆರೆದು ತಿದ್ದಬಹುದು.

ಆ ಗೆರೆಯ ಒಳಗೆ ಏನಿದೆ?

ಇದನ್ನು ತಿಳಿಯದೆ ನಾನು ಕ್ಲಿಕ್ ಮಾಡುತ್ತ ಹೋದದ್ದೇ ನನ್ನ ತಪ್ಪಿಗೆ ಕಾರಣ. ಹಿಂದೆ ಹಡಗು ಕಟ್ಟುವವರು ಬಾಗಿದ ಗೆರೆ ಎಳೆಯಲು ತೆಳುವಾದ ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಸೀಸದ ಭಾರ ಇಟ್ಟು, ಅದರ ಗುಂಟ ಗೆರೆ ಎಳೀತಿದ್ದರು. ಬಿದಿರಿನ ಸೀಳು ಬಗ್ಗಿಸಿ ನೋಡಿ. ಅದು ಒಂದೇ ಕಡೆ ಮೂಲೆ ಮಾಡೋದಿಲ್ಲ, ಬಾಗನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ. ಅದಕ್ಕೇ ಆ ಗೆರೆ ಕಣ್ಣಿಗೆ ಹಿತ. 20ನೆಯ ಶತಮಾನದಲ್ಲಿ ಫ್ರಾನ್ಸಿನ ಕಾರು ಕಾರ್ಖಾನೆಗಳಿಗೆ ಇದೇ ಬಾಗನ್ನು ಯಂತ್ರಕ್ಕೆ ಹೇಳಿಕೊಡಬೇಕಾಯಿತು. ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಒಂದು ವಿಧಾನ ಕಂಡುಹಿಡಿದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. ಮುಂದೆ ರೆನೋ ಕಂಪನಿಯ ಪಿಯರ್ ಬೆಜಿಯೆ ತಮ್ಮ ಕೆಲಸವನ್ನು ಪ್ರಕಟಿಸಿದ್ದರಿಂದ ಆ ಗೆರೆಗೆ ಅವರ ಹೆಸರೇ ಉಳಿಯಿತು. ಇಂದು ನಾವು ಎಳೆಯುವ ಗೆರೆಯೂ ಅದೇ ಬೆಜಿಯೆ ರೇಖೆ.

ಇದನ್ನು ನೀವು ಹತ್ತನೆಯ ತರಗತಿಯಲ್ಲಿ ಪಟ್ಟಿ ಪೆನ್ಸಿಲಿನಿಂದಲೇ ಮಾಡಿಸಬಹುದು. ಆಲೇಖ ಕಾಗದದ ಮೇಲೆ ನಾಲ್ಕು ಬಿಂದು ಇಡಿ: ಅ (0,0), ಬ (0,8), ಕ (8,8), ಡ (8,0). ಗೆರೆ ಅ ದಿಂದ ಹೊರಟು ಡ ಗೆ ಮುಟ್ಟುತ್ತದೆ. ಬ ಮತ್ತು ಕ ಗೆರೆಯನ್ನು ತಮ್ಮ ಕಡೆ ಎಳೆಯುತ್ತವೆ, ಆದರೆ ಗೆರೆ ಅವನ್ನು ಮುಟ್ಟೋದಿಲ್ಲ. ಚುಕ್ಕಿ ರಂಗೋಲಿಯಲ್ಲಿ ಎಳೆ ಚುಕ್ಕಿಯನ್ನು ಮುಟ್ಟದೆ ಸುತ್ತಿ ಹೋಗುತ್ತದಲ್ಲ, ಹಾಗೇ ಅಂದುಕೊಳ್ಳಿ. ಈಗ ಅಬ, ಬಕ, ಕಡ ಈ ಮೂರರ ಮಧ್ಯಬಿಂದು ತೆಗೆಯಿರಿ: (0,4), (4,8), (8,4). ಇವುಗಳನ್ನು ಕ್ರಮವಾಗಿ ಕೂಡಿಸಿ ಮತ್ತೆ ಮಧ್ಯಬಿಂದು: (2,6), (6,6). ಮತ್ತೊಮ್ಮೆ: (4,6). ಈ ಕೊನೆಯ ಬಿಂದು ಗೆರೆಯ ಮೇಲೆಯೇ ಇದೆ. ಮಧ್ಯದ ಬದಲು ಕಾಲು ಭಾಗ, ಮುಕ್ಕಾಲು ಭಾಗ ತೆಗೆದುಕೊಂಡರೆ ಇನ್ನೂ ಎರಡು ಬಿಂದು ಸಿಗುತ್ತವೆ. ಕೂಡಿಸಿದರೆ ಕಮಾನು ಬರುತ್ತದೆ. ಗಣಿತದ ಗುರುಗಳು ಗಮನಿಸಿ, ಮಧ್ಯದ ಬಿಂದುವಿನಲ್ಲಿ ನಾಲ್ಕು ಬಿಂದುಗಳ ಪಾಲು 1, 3, 3, 1. ಒಟ್ಟು 8ರಿಂದ ಭಾಗಿಸಬೇಕು. ಪಾಸ್ಕಲ್ ತ್ರಿಕೋನದ ಸಾಲು ಅದು.

ತಂತ್ರಾಂಶದಲ್ಲಿ ಅ ಮತ್ತು ಡ ಗೆ ನೋಡ್ ಅಂತಾರೆ. ನಾನು ಮಕ್ಕಳಿಗೆ ಗಂಟು ಅಂತ ಹೇಳ್ತೀನಿ. ಬ ಮತ್ತು ಕ ಹಿಡಿಕೆಗಳು. ಪೆನ್ ಸಲಕರಣೆಯಿಂದ ಬರೀ ಕ್ಲಿಕ್ ಮಾಡಿದರೆ ಹಿಡಿಕೆ ಹುಟ್ಟೋದಿಲ್ಲ, ಗಂಟಿನಲ್ಲಿ ಮೂಲೆ ಬೀಳುತ್ತದೆ. ಕ್ಲಿಕ್ ಮಾಡಿ, ಬಿಡದೆ ಎಳೆದರೆ ಹಿಡಿಕೆ ಹೊರಬಂದು ಗೆರೆ ಬಾಗುತ್ತದೆ. ನನ್ನ ಹೃದಯದಲ್ಲಿ ಮೂಲೆ ಬಂದ ಗುಟ್ಟು ಇಷ್ಟೇ. ಆ ವಿದ್ಯಾರ್ಥಿನಿ ಕೇಳಿದ "ಭಾಗ"ದ ಹೆಸರು ನನ್ನ ಅವಸರ.

ಸಹಜ ಗೆರೆಗೆ ನಾಲ್ಕು ಅಡ್ಡಿ

ನನ್ನ ಆಕೃತಿಗಳನ್ನೇ ಮತ್ತೆ ಮತ್ತೆ ನೋಡಿ ನಾಲ್ಕು ದೋಷ ಹಿಡಿದಿದ್ದೇನೆ. ನಿಮ್ಮಲ್ಲೂ ಇವೇ ಇರಬಹುದು.

ಮೊದಲನೆಯದು, ಗಂಟು ಹೆಚ್ಚಾಗೋದು. ಹೊಸಬರಿಗೆ ಗಂಟು ಹೆಚ್ಚು ಇಟ್ಟಷ್ಟೂ ಗೆರೆ ನಿಖರ ಅನಿಸುತ್ತದೆ. ಆಗೋದು ಉಲ್ಟಾ. ಪ್ರತಿ ಗಂಟಿನಲ್ಲೂ ಗೆರೆ ತಡವರಿಸುತ್ತದೆ. ಪೂರ್ಣ ವರ್ತುಲಕ್ಕೇ ತಂತ್ರಾಂಶ ನಾಲ್ಕು ಗಂಟು ಸಾಕು ಅನ್ನುತ್ತದೆ, ಅದರಲ್ಲಿ ಬರುವ ವ್ಯತ್ಯಾಸ ತ್ರಿಜ್ಯದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹೃದಯದ ಹೊರಗೆರೆಗೆ ನಾನು ಮೊದಲು ನಲವತ್ತಕ್ಕೂ ಹೆಚ್ಚು ಇಟ್ಟಿದ್ದೆ, ಈಗ ಒಂಬತ್ತು ಇಡುತ್ತೇನೆ. ಗೆರೆ ಎಲ್ಲಿ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಹೋಗುತ್ತದೋ ಅಲ್ಲಿ ಗಂಟು ಇಡಿ. ಹಿಡಿಕೆಯ ಉದ್ದ ಮುಂದಿನ ಗಂಟಿನವರೆಗಿನ ದೂರದ ಮೂರನೆಯ ಒಂದರಷ್ಟು ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಂಟೆ ಹೊಡೆಯುವ ರೈತ ಕಾಲ ಬುಡದ ಮಣ್ಣು ನೋಡೋದಿಲ್ಲ, ಹೊಲದ ಆ ಕಡೆಯ ಬದು ನೋಡುತ್ತಾನೆ. ಗೆರೆ ಎಳೆಯುವಾಗಲೂ ಕಣ್ಣು ಮುಂದಿನ ಗಂಟಿನ ಮೇಲೆ ಇರಲಿ.

ಎರಡನೆಯದು, ಹೆಸರಿಲ್ಲದ ಮೂಲೆ. ಜೀವಿಗಳ ದೇಹದಲ್ಲಿ ಮೂಲೆ ಇಲ್ಲವೇ ಇಲ್ಲ ಅಂತ ಅಲ್ಲ. ಬೇವಿನ ಎಲೆಯ ಅಂಚಿನ ಗರಗಸ ಹಲ್ಲು, ಜಾಲಿಯ ಮುಳ್ಳಿನ ತುದಿ ನಿಜವಾದ ಮೂಲೆಗಳೇ. ಅವು ಇರಲಿ. ಪ್ರಶ್ನೆ ಒಂದೇ: ಈ ಮೂಲೆ ಆ ವಸ್ತುವಿನದೋ, ನನ್ನ ಮೌಸಿನದೋ? ಮೌಸಿನದಾದರೆ ಆ ಗಂಟನ್ನು ಆರಿಸಿ ಶಿಫ್ಟ್ ಜೊತೆ ಎಸ್ ಒತ್ತಿ, ನಯವಾಗುತ್ತದೆ. ಆದರೆ ಇನ್ನೊಂದು ತುದಿಗೂ ಹೋಗಬೇಡಿ. ಕಂಟ್ರೋಲ್ ಜೊತೆ ಎಲ್ ಒತ್ತಿದರೆ ತಂತ್ರಾಂಶ ಗಂಟುಗಳನ್ನು ತಾನೇ ಕಡಿಮೆ ಮಾಡುತ್ತದೆ. ನಾಲ್ಕು ಸಲ ಒತ್ತಿದರೆ ಬೇವಿನ ಹಲ್ಲೂ ಸವೆದು ಬೇರೆ ಯಾವುದೋ ಗಿಡದ ಎಲೆ ಆಗುತ್ತದೆ.

ಮೂರನೆಯದು, ಕನ್ನಡಿ ಹಿಡಿಯೋದು. ಅರ್ಧ ಎಲೆ ಬಿಡಿಸಿ, ನಕಲು ಮಾಡಿ, ತಿರುಗಿಸಿ ಅಂಟಿಸಿದರೆ ಕೆಲಸ ಬೇಗ. ಆದರೆ ಶಾಲೆಯ ಅಂಗಳದ ಬೇವಿನ ಗಿಡದಿಂದ ಒಂದು ಕಿರುಎಲೆ ಕಿತ್ತು ನೋಡಿ. ಬುಡದಲ್ಲಿ ನಡುನರದ ಎರಡೂ ಬದಿ ಸಮ ಇಲ್ಲ, ಒಂದು ಬದಿ ಅಗಲ. ಅದು ಬೇವಿನ ಗುರುತು. ಕನ್ನಡಿ ಹಿಡಿದು ಮಾಡಿದ ಎಲೆ ಆ ಗುರುತನ್ನೇ ಅಳಿಸುತ್ತದೆ. ಹೃದಯದಲ್ಲೂ ಹಾಗೇ. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ರಕ್ತ ನೂಕಬೇಕು, ಬಲದ್ದು ಪಕ್ಕದ ಪುಪ್ಪುಸಕ್ಕೆ ಮಾತ್ರ. ಅದಕ್ಕೇ ಎಡಗೋಡೆ ದಪ್ಪ. ಎರಡನ್ನೂ ಸಮ ಬಿಡಿಸಿದರೆ ಪಾಠವೇ ಸುಳ್ಳಾಯಿತು.

ನಾಲ್ಕನೆಯದು, ಗೆರೆಯ ದಪ್ಪ ಎಲ್ಲಾ ಕಡೆ ಒಂದೇ ಇರೋದು. ಬೇರು ಕೆಳಗೆ ಹೋದಂತೆ ಸಣ್ಣದಾಗುತ್ತದೆ. ಎಲೆಯ ನರ ಅಂಚಿಗೆ ಬಂದಂತೆ ತೆಳುವಾಗುತ್ತದೆ. ತಂತಿಯ ಹಾಗೆ ಒಂದೇ ದಪ್ಪದ ಗೆರೆ ಎಳೆದರೆ ಬೇರು ಬೇರಿನಂತೆ ಕಾಣೋದಿಲ್ಲ. ಪೆನ್ಸಿಲ್ ಸಲಕರಣೆಯ ಮೇಲಿನ ಪಟ್ಟಿಯಲ್ಲಿ ಶೇಪ್ ಎಂಬ ಆಯ್ಕೆ ಇದೆ. ಅಲ್ಲಿ ಎಲಿಪ್ಸ್ ಆರಿಸಿದರೆ ಎರಡೂ ತುದಿ ಸಣ್ಣಗಾಗುತ್ತವೆ, ಟ್ರಯಾಂಗಲ್ ಆರಿಸಿದರೆ ಒಂದೇ ತುದಿ. ಹೊರಗೆರೆ ದಪ್ಪ, ಒಳಗೆರೆ ತೆಳು ಇಡಿ. ಬಹಳ ತೆಳು ಬೇಡ, ನಮ್ಮ ಝೆರಾಕ್ಸ್ ಅಂಗಡಿಯಲ್ಲಿ ಅದು ಮಾಯವಾಗುತ್ತದೆ.

ಕುರಿ ಕಲಿಸಿದ ಪಾಠ

ಅಭ್ಯಾಸಕ್ಕೆಂದು ಒಮ್ಮೆ ನಮ್ಮ ತಾಲೂಕಿನ ಮಾಡಗ್ಯಾಳ ಕುರಿ ಬಿಡಿಸಿದೆ. ಮಾಡಗ್ಯಾಳ ಊರಿನ ಹೆಸರೇ ಆ ತಳಿಗೆ. ಎತ್ತರದ ಮೈ, ಬಿಳಿಯ ಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನ ಹಾಗೆ ಉಬ್ಬಿ ಬಾಗಿದ ಮೂಗು. ನಾನು ಮಚ್ಚೆಯೆಲ್ಲ ಸರಿಯಾಗಿ ಹಾಕಿ ತರಗತಿಯಲ್ಲಿ ತೋರಿಸಿದೆ. ಕುರಿ ಸಾಕುವ ಮನೆಯ ಹುಡುಗ ಹಿಂದಿನ ಬೆಂಚಿನಿಂದ ಅಂದ: "ಇದು ನಮ್ಮ ಕುರಿ ಅಲ್ರೀ ಸರ್. ಮೂಗು ಸಪಾಟ ಐತಿ." ಪರೀಕ್ಷೆಯಲ್ಲಿ ಪಾಸಾಗಲು ಒದ್ದಾಡುವ ಹುಡುಗ ಅವನು. ಅವನನ್ನೇ ಕರೆದು ಪಕ್ಕದಲ್ಲಿ ಕೂಡಿಸಿಕೊಂಡೆ. ಹಿಡಿಕೆ ಎಳೆದಂತೆಲ್ಲ "ಇನ್ನಟು ಮ್ಯಾಲ, ಇನ್ನಟು... ಆಂ, ಈಗ ಆತ್ರೀ" ಅಂದ. ಒಂದೇ ಹಿಡಿಕೆ, ಒಂದು ಬೆರಳಗಲದ ವ್ಯತ್ಯಾಸ. ಅಷ್ಟರಲ್ಲಿ ಕುರಿ ಮಾಡಗ್ಯಾಳದ್ದಾಯಿತು. ಸಹಜ ಗೆರೆ ಮೌಸಿನಲ್ಲಿ ಇಲ್ಲ, ನೋಡುವ ಕಣ್ಣಿನಲ್ಲಿ ಇದೆ ಅನ್ನೋದು ಅವತ್ತು ತಿಳಿಯಿತು. ಆ ಕಣ್ಣು ನಮ್ಮ ಮಕ್ಕಳಿಗೆ ನಮಗಿಂತ ಚುರುಕಾಗಿದೆ.

ಎಲ್ಲಾ ಗೆರೆಯೂ ಬಾಗಬೇಕೇ?

ಇಲ್ಲ. ಕಿರಣಾಕೃತಿಯಲ್ಲಿ, ವಿದ್ಯುತ್ ಮಂಡಲದಲ್ಲಿ ಪಟ್ಟಿ ಹಿಡಿದ ಗೆರೆಯೇ ಸತ್ಯ. ಬೆಳಕು ಒಂದೇ ಮಾಧ್ಯಮದಲ್ಲಿ ನೇರವಾಗಿ ಹೋಗುತ್ತದೆ, ಅದನ್ನು "ಸಹಜ" ಮಾಡಲು ಹೋಗಿ ಬಗ್ಗಿಸಿದರೆ ಭೌತಶಾಸ್ತ್ರ ಕೆಟ್ಟಿತು. ಮಸೂರದ ಮೈಯನ್ನು ಕೈಗೆ ಬಂದಂತೆ ಎಳೆಯಬೇಡಿ, ಅದು ವರ್ತುಲದ ಕಂಸ. ಆದರೆ ಗಾಜಿನ ನಳಿಕೆಯಲ್ಲಿ ನೀರಿನ ಮೇಲ್ಮೈ ಎಳೆಯುವಾಗ ನಡುವೆ ತಗ್ಗಾಗಲಿ, ಪಾದರಸವಾದರೆ ಉಬ್ಬಲಿ. ಒಂದು ಚಿಕ್ಕ ಬಾಗು, ಆದರೆ ಅಲ್ಲೊಂದು ನಿಯಮವೇ ಅಡಗಿದೆ. ಯಾವ ಗೆರೆ ನೇರ, ಯಾವುದು ಕಂಸ, ಯಾವುದು ಸಹಜ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೂತರೆ ಅರ್ಧ ಕೆಲಸ ಆದಂತೆ.

ನೀವು ಕೇಳಬಹುದಾದ ಪ್ರಶ್ನೆಗಳು

"ಫೋಟೋ ಹಾಕಿದರೆ ತಂತ್ರಾಂಶವೇ ಗೆರೆ ಮಾಡಿಕೊಡುತ್ತದಲ್ಲ?" ಮಾಡುತ್ತದೆ. ಆದರೆ ನೆರಳು ಯಾವುದು, ಅಂಚು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ನೂರಾರು ಗಂಟಿನ ಗೋಜಲು ಕೊಡುತ್ತದೆ, ತಿದ್ದೋದು ಹೊಸದಾಗಿ ಎಳೆಯೋದಕ್ಕಿಂತ ಕಷ್ಟ. ಈಗಿನ ಕೃತಕ ಬುದ್ಧಿಮತ್ತೆಯ ಚಿತ್ರಗಳ ಮಾತೂ ಅಷ್ಟೇ. ನಾನು ನೋಡಿದವುಗಳಲ್ಲಿ ಬಣ್ಣ ಚಂದ, ರಕ್ತನಾಳ ಮಾತ್ರ ಬೇಕಾದಲ್ಲಿಗೆ ಹೋಗಿರಲಿಲ್ಲ. ಅದನ್ನು ಪರಿಶೀಲಿಸಬೇಕಾದರೂ ನಮಗೆ ಗೆರೆ ಓದಲು ಬರಬೇಕು.

"ಮಕ್ಕಳು ಬೋರ್ಡ್ ಪರೀಕ್ಷೆಯಲ್ಲಿ ಪೆನ್ಸಿಲಿನಿಂದ ಬಿಡಿಸಬೇಕು, ಕಂಪ್ಯೂಟರ್ ಯಾಕೆ?" ಅವರು ಬಿಡಿಸೋದು ನಾವು ತೋರಿಸಿದ್ದನ್ನೇ. ಕಡಿಮೆ ಗಂಟಿನ ಆಕೃತಿಯ ಇನ್ನೊಂದು ಲಾಭ ಇಲ್ಲೇ ಇದೆ. ಒಂಬತ್ತು ಗಂಟಿನ ಹೃದಯವನ್ನು ಮಗು ಆರೇಳು ಎಳೆತದಲ್ಲಿ ಬಿಡಿಸುತ್ತದೆ. ಮೊದಲು ಗಂಟುಗಳನ್ನು ಚುಕ್ಕೆ ಇಟ್ಟು, ಆಮೇಲೆ ಗೆರೆ ಕೂಡಿಸಲು ಹೇಳಿ. ರಂಗೋಲಿ ಹಾಕುವ ಕೈಗೆ ಅದು ಹೊಸದಲ್ಲ. ದುಂಡು ಕನ್ನಡ ಅಕ್ಷರ ತಿದ್ದಿದ ಕೈಗೂ ಹೊಸದಲ್ಲ.

"ಸಮಯ ಎಲ್ಲಿದೆ?" ಇದು ನಿಜವಾದ ಪ್ರಶ್ನೆ. ಮಾಹಿತಿ ತುಂಬೋದು, ವರದಿ ಕಳಿಸೋದು, ಇವುಗಳ ನಡುವೆ ಒಂದು ಆಕೃತಿಗೆ ಎರಡು ತಾಸು ಕೊಡೋದು ಸುಲಭ ಅಲ್ಲ. ಒಬ್ಬರೇ ಮಾಡಿದರೆ ಆಗೋದೇ ಇಲ್ಲ. ಅದಕ್ಕೇ ನನ್ನ ಸೂಚನೆ: ಒಬ್ಬ ಶಿಕ್ಷಕರು ತಿಂಗಳಿಗೆ ಒಂದೇ ಆಕೃತಿ ಮಾಡಲಿ. ಹತ್ತು ಜನ ಸೇರಿದರೆ ವರ್ಷಕ್ಕೆ ನೂರರ ಹತ್ತಿರ ಆಗುತ್ತದೆ. ಸಂಘದ ಸಭೆಯಲ್ಲಿ ಯಾರು ಯಾವ ಪಾಠ ಅಂತ ಹಂಚಿಕೊಳ್ಳೋಣ, ಒಬ್ಬರದನ್ನು ಇನ್ನೊಬ್ಬರು ತಿದ್ದೋಣ.

ಕೈ ಹಚ್ಚುವವರಿಗೆ ನಾಲ್ಕು ಮಾತು

ಮೊದಲು ವಸ್ತುವನ್ನೇ ನೋಡಿ. ದಾಸವಾಳವನ್ನು ಬ್ಲೇಡಿನಿಂದ ಸೀಳಿ, ಜೋಳದ ಗರಿ ಮತ್ತು ಬೇವಿನ ಎಲೆ ಪಕ್ಕಪಕ್ಕ ಇಟ್ಟು, ಪೆನ್ಸಿಲಿನಿಂದ ಕಾಗದದ ಮೇಲೆ ಬಿಡಿಸಿ. ಗೆರೆಯನ್ನು ಬೆರಳಿನಿಂದ ಅಲ್ಲ, ಮೊಣಕೈಯಿಂದ ಎಳೆಯಿರಿ. ನಿಧಾನ ಎಳೆದಷ್ಟೂ ಕೈ ನಡುಗುತ್ತದೆ. ಆ ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದು ತಂತ್ರಾಂಶದ ಕೆಳಪದರದಲ್ಲಿ ಮಸುಕಾಗಿ ಇಡಿ. ಅದರ ಮೇಲೆ ಕಡಿಮೆ ಗಂಟಿನ ಗೆರೆ ಎಳೆಯಿರಿ. ಪರದೆಯ ಮೇಲೆ ಹಿಗ್ಗಿಸಿಕೊಂಡೇ ಕೂಡಬೇಡಿ, ಪದೇ ಪದೇ ಚಿಕ್ಕದು ಮಾಡಿ ಇಡೀ ಆಕೃತಿ ನೋಡಿ. ಹೆಸರುಗಳನ್ನು ಯೂನಿಕೋಡ್ ಅಕ್ಷರದಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಚಿಹ್ನೆಯಾಗಿ ಬರುತ್ತದೆ. ಛಾಪಖಾನೆಗೆ ಕೊಡುವ ಪ್ರತಿಯಲ್ಲಿ ಮಾತ್ರ ಅಕ್ಷರವನ್ನು ಗೆರೆಯಾಗಿ ಬದಲಿಸಿ, ತಿದ್ದಲು ಬರುವ ಮೂಲಪ್ರತಿ ಬೇರೆ ಇಟ್ಟುಕೊಳ್ಳಿ.

ನಾನೇನೂ ಚಿತ್ರಕಾರ ಆಗಿಲ್ಲ. ಮೊನ್ನೆ ಬಿಡಿಸಿದ ನರಕೋಶದ ಕವಲುಗಳು ಇನ್ನೂ ಕಡ್ಡಿ ಚುಚ್ಚಿದ ಹಾಗೆ ಕಾಣುತ್ತವೆ. ಆದರೆ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾವ ಆಕೃತಿಯನ್ನಾದರೂ ಝೆರಾಕ್ಸಿಗೆ ಕೊಡುವ ಮುಂಚೆ ಇಬ್ಬರು ಮಕ್ಕಳ ಕೈಗೆ ಕೊಡುತ್ತೇನೆ. ಪ್ರಶ್ನೆಪತ್ರಿಕೆಯದಾದರೆ ಬೇರೆ ತರಗತಿಯ ಮಕ್ಕಳಿಗೆ. ಕೇಳೋದು ಒಂದೇ: "ಇದರಾಗ ಹೆಸರಿಲ್ಲದ ಮೂಲೆ ಎಲ್ಲಾದರೂ ಐತೇನು, ಹುಡುಕಿ ಹೇಳ್ರಿ." ಅವರು ಹುಡುಕುತ್ತಾರೆ. ಬಹಳ ಸಲ ಸಿಗುತ್ತದೆ. ನಾನು ವಾಪಸ್ ಹೋಗಿ ತಿದ್ದುತ್ತೇನೆ.

ಮುಂದಿನ ಸಂಚಿಕೆಯೊಳಗೆ ನೀವೂ ಒಂದು ಎಲೆಯನ್ನಾದರೂ ಬಿಡಿಸಿ ಕಳಿಸಿ. ಬೇವಿನ ಎಲೆಯೇ ಆಗಲಿ. ಬುಡದಲ್ಲಿ ಯಾವ ಬದಿ ಅಗಲ ಅಂತ ನೋಡೋದು ಮಾತ್ರ ಮರೆಯಬೇಡಿ.